ಪದಚರ್ಚೆ: ಮೊಬೈಲಿನ ‘ಸಿಂಕ್ರೊನೈಸೇಶನ್’ಗೆ ಯಾವ ಪದ ಒಗ್ಗುತ್ತದೆ?

ಎಲ್ಲರಿಗೂ ನಮಸ್ಕಾರ.

ಆನ್ ಮಾಡಿದ ಫೋನು ಹತ್ತಿರದ ಸೆಲ್ಲನ್ನು (ಅಂದರೆ ಟವರಿನ ಪ್ರಸಾರ ಕೇಂದ್ರವನ್ನು) ಹೇಗೆ ಕಂಡುಹಿಡಿಯುತ್ತದೆ ಅನ್ನುವುದರ ಬಗ್ಗೆ ಬರೆಯುತ್ತಿದ್ದೇನೆ. ‘ಸೆಲ್ ಸರ್ಚ್’ಗೆ ಸೆಲ್ ಹುಡುಕಾಟ ಅಂದರೆ ಮುಗೀತು. ತೊಡಕಿರುವುದು ‘ಸಿಂಕ್ರೊನೈಸೇಶನ್’ ಹತ್ತಿರ, ಅಂದರೆ ಫೋನು ತನ್ನ ಸಮಯವನ್ನೂ ಫ್ರೀಕ್ವೆನ್ಸಿಯನ್ನೂ ಸೆಲ್ಲಿನದಕ್ಕೆ ಸರಿಯಾಗಿ ಕೂರಿಸುವ ಕೆಲಸದ ಹತ್ತಿರ. ‘ಸಮಕಾಲೀಕರಣ’ ಅಂದರೆ ನನಗಂತೂ ಸಮಕಾಲೀನ ಸಾಹಿತಿಗಳೇ ಕಣ್ಮುಂದೆ ಬರುತ್ತಾರೆ.

4ಜಿಯನ್ನೇ ತೆಗೆದುಕೊಳ್ಳಿ. 10 ಮಿಲಿಸೆಕೆಂಡಿನ ಪ್ರತಿ ಫ್ರೇಮಿನಲ್ಲೂ (ಪ್ರಸಾರದ ಒಂದು ಕಾಲದ ತುಣುಕು) ಸೆಲ್ ಎರಡು ಬಗೆಯ ಗುರುತಿನ ಸಂಕೇತಗಳನ್ನು ಎರಡೆರಡು ಸಲ ಬಿಡುತ್ತದೆ. ಮೊದಲನೇ ಸಂಕೇತದಲ್ಲಿ ಇರುವುದು 3 ಬಗೆ ಮಾತ್ರ. ಮೂರರ ಮಾದರಿಯೂ ಫೋನಿಗೆ ಮೊದಲೇ ಗೊತ್ತು. ಬರುವ ಅಲೆಯ ಮೇಲೆ ಆ ಮಾದರಿಗಳನ್ನು ಸರಿಸಿ ಸರಿಸಿ ತಾಳೆ ನೋಡುತ್ತದೆ. ತಾಳೆಯಾಯಿತೋ, ಸಮಯದ ಸುಳಿವು ಸಿಕ್ಕಿತು. ತನ್ನ ಗಡಿಯಾರದ ಹರಳಿನ ಫ್ರೀಕ್ವೆನ್ಸಿ ಎಷ್ಟು ಆಚೀಚೆ ಆಗಿದೆ ಅನ್ನುವುದನ್ನೂ ಅದರಿಂದಲೇ ಅಂದಾಜು ಮಾಡಬಹುದು. ಆದರೆ ಇದು ಫ್ರೇಮಿನ ಮೊದಲರ್ಧವೋ ಎರಡನೆಯದೋ ತಿಳಿಯದು, ಎರಡು ಸಲವೂ ಬರುವುದು ಅದೇ ಸಂಕೇತ ತಾನೇ! ಆ ಗಂಟು ಬಿಡಿಸುವುದು ಎರಡನೇ ಸಂಕೇತ, ಅದು ಎರಡು ಅರ್ಧಗಳಲ್ಲಿ ಬೇರೆ ಬೇರೆ. ಅದರಲ್ಲಿ 168 ಗುಂಪು, ಎರಡೂ ಸೇರಿ 504 ಸೆಲ್ ಗುರುತು. 5ಜಿಯಲ್ಲಿ ಇದು 1008.

‘ತಾಳೆ ನೋಡು’ ಅನ್ನುವುದು ಹೀಗೆ ಮಾದರಿಗೆ ಹೋಲಿಸಿ ನೋಡುವ ಕೋರಿಲೇಶನ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹಾಗಾಗಿ ಅದನ್ನು ಸಿಂಕ್‌ಗೆ ಬಿಟ್ಟುಕೊಡಲು ಮನಸ್ಸಿಲ್ಲ. ‘ಮೇಳೈಸು’ ಅಂದರೆ ಎರಡೂ ಕಡೆಯವರು ಬಂದು ಸೇರಿದಂತೆ. ಇಲ್ಲಿ ಸೆಲ್ ತನ್ನ ಪಾಡಿಗೆ ತಾನಿರುತ್ತದೆ, ಬದಲಾಗುವುದು ಫೋನ್ ಒಂದೇ. ಅದಕ್ಕೇ ‘ಹೊಂದಿಸಿಕೊಳ್ಳು’ ನನಗೆ ಹಿಡಿಸಿದೆ. ಯಾರು ಯಾರಿಗೆ ಬಗ್ಗುತ್ತಾರೆ ಅನ್ನುವುದನ್ನು ಆ ‘ಕೊಳ್ಳು’ವೇ ಹೇಳಿಬಿಡುತ್ತದೆ, ಅಲ್ವಾ?

ಫೋನು ತಾನು ಕಳಿಸುವಾಗಲೂ ಕತೆ ಇದೇ. ಸೆಲ್ಲಿನಿಂದ 3 ಕಿ.ಮೀ. ದೂರ ಇದ್ದರೆ ಸಂಕೇತ ಬರಲು 10 ಮೈಕ್ರೊಸೆಕೆಂಡ್, ಹೋಗಲು ಇನ್ನೊಂದು 10. ‘20 ಮೈಕ್ರೊಸೆಕೆಂಡ್ ಮುಂಚೆಯೇ ಕಳಿಸು’ ಅಂತ ಸೆಲ್ ಹೇಳುತ್ತದೆ, ಫೋನು ಹೊಂದಿಸಿಕೊಳ್ಳುತ್ತದೆ.

ಕ್ರಿಯಾಪದ ಸರಿಹೋಯಿತು, ನಾಮಪದ ಸಿಗುತ್ತಿಲ್ಲ. ಚಿತ್ರದ ಕೆಳಗೆ ‘ಹೊಂದಾಣಿಕೆ’ ಅಂತ ಬರೆದರೆ ಪಕ್ಷಗಳ ಸೀಟು ಹಂಚಿಕೆಯ ಮಾತಾಗುತ್ತದೆ. ‘ವೇಳೆ ಹೊಂದಿಕೆ’, ‘ಫ್ರೀಕ್ವೆನ್ಸಿ ಹೊಂದಿಕೆ’ ಅಂತ ಬಿಡಿಸಿ ಬರೆದರೆ ಓದುವವರಿಗೆ ತೊಡರಾಗುತ್ತದಾ? ಅಥವಾ ಸುಮ್ನೆ ‘ಸಿಂಕ್’ ಅಂತಲೇ ಉಳಿಸಿಕೊಳ್ಳುವುದು ಒಳ್ಳೇದಾ? ಪಾಠ ಮಾಡುವವರು, ಕೈಪಿಡಿ ಬರೆದವರು ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.