ಸ್ಟಾರ್ಟ್ ಆಗಿ ಮೂರು ಸೆಕೆಂಡಿಗೆ ಬಂದ್ ಆಗುವ ಹಳೇ ವ್ಯಾನ್: ನಿಮಗೂ ಹೀಗಾಗಿದೆಯಾ?

ಹಳೇ ಪೆಟ್ರೋಲ್ ವ್ಯಾನ್. ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಗುತ್ತದೆ, ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಮತ್ತೆ ಹೊಡೆದರೆ ಮತ್ತೆ ಅದೇ. ಪ್ಲಗ್, ಪೆಟ್ರೋಲ್ ಫಿಲ್ಟರ್, ಬ್ಯಾಟರಿ ಮೂರೂ ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ಈಗ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಬದಲಾಯಿಸಬೇಕು ಅಂತ ಮೆಕ್ಯಾನಿಕ್ ಹೇಳ್ತಿದ್ದಾರೆ. ಅನುಭವ ಇದ್ದವರು ಹೇಳಿ.

—

ಪಂಪಿಗೆ ದುಡ್ಡು ಹಾಕಬೇಡಿ, ಸ್ವಲ್ಪ ತಡೀರಿ. ಬ್ಯಾಟರಿ ಯಾಕೆ ಬದಲಾಯಿಸಿದಿರೋ ನನಗಂತೂ ಗೊತ್ತಾಗಲಿಲ್ಲ, ಸೆಲ್ಫ್ ಜೋರಾಗಿ ಹೊಡೀತಿದೆ ಅಂದ ಮೇಲೆ ಅದರ ತಪ್ಪೇನು?

ಸ್ಟಾರ್ಟ್ ಆಗುತ್ತದೆ ಅಂದರೆ ಪೆಟ್ರೋಲು, ಗಾಳಿ, ಕರೆಂಟು ಮೂರೂ ಒಂದು ಗಳಿಗೆ ಸರಿಯಾಗೇ ಸೇರುತ್ತಿವೆ. ಆಮೇಲೆ ಯಾವುದೋ ಒಂದು ಕೈ ಕೊಡ್ತಿದೆ. ಸ್ಪ್ಯಾನರ್ ಹಿಡಿಯೋ ಮೊದಲು ನಾಲ್ಕೈದು ಸಲ ಸ್ಟಾರ್ಟ್ ಮಾಡಿ ಅದು ಹೇಗೆ ನಿಲ್ಲುತ್ತದೆ ಅಂತ ಸುಮ್ನೆ ಕೇಳಿಸಿಕೊಳ್ಳಿ. ಸ್ವಿಚ್ ಆರಿಸಿದ ಹಾಗೆ ಟಕ್ ಅಂತ ನಿಂತರೆ ಹೆಚ್ಚಾಗಿ ಕರೆಂಟಿನ ಕಡೆ. ತಡವರಿಸಿ, ಮೈ ಕೊಡವಿ, ಉಸಿರು ಕಟ್ಟಿದ ಹಾಗೆ ನಿಂತರೆ ಹೆಚ್ಚಾಗಿ ಪೆಟ್ರೋಲಿನ ಅಥವಾ ಗಾಳಿಯ ಕಡೆ. ಯಾವಾಗಲೂ ಹೀಗೇ ಅಂತಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅನ್ನೋದು ಗೊತ್ತಾಗುತ್ತದೆ.

ನನಗೂ ಹೀಗೇ ಆಗಿತ್ತು. ನನ್ನದು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿ ಜೊತೆ ಬೆರೆಸುವ ಭಾಗ) ಇರುವ ವ್ಯಾನ್, ಸೀಟಿನ ಕೆಳಗೆ ಎಂಜಿನ್. ಕಾರ್ಬೊರೇಟರ್ ಎರಡು ಸಲ ಬಿಚ್ಚಿ ತೊಳೆಸಿದೆ, ಜೆಟ್ ಊದಿಸಿದೆ, ಫ್ಲೋಟ್ ಬದಲಾಯಿಸಿದೆ. ಒಂದು ದಿನ ಸಿಟ್ಟಲ್ಲಿ ಕೀ ಬಿಡದೆ ಹಾಗೇ ತಿರುಗಿಸಿ ಹಿಡಿದಿದ್ದೆ, ಎಂಜಿನ್ ಓಡ್ತಾನೇ ಇತ್ತು! ಕೀ ಬಿಟ್ಟ ಕ್ಷಣ ಬಂದ್. ಆಗ ಹೊಳೆಯಿತು. ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಕೊಡುವ ಸಣ್ಣ ಸ್ವಿಚ್) ಇರುವ ಎಷ್ಟೋ ಹಳೇ ಗಾಡಿಗಳಲ್ಲಿ ಸೆಲ್ಫ್ ಹೊಡೆಯುವಾಗ ಕಿಡಿ ಹುಟ್ಟಿಸುವ ಕಾಯಿಲ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಹೋಗುತ್ತದೆ, ಕೀ ಬಿಟ್ಟ ಮೇಲೆ ಬ್ಯಾಲಸ್ಟ್ ರೆಸಿಸ್ಟರ್ ಅನ್ನೋ ಸಣ್ಣ ತುಂಡಿನ ಮೂಲಕ ಹೋಗುತ್ತದೆ. ಬೆರಳುದ್ದದ ಬಿಳಿ ಪಿಂಗಾಣಿ ತುಂಡು, ಹಿಂಬದಿಯಲ್ಲಿ ಸುರುಳಿ ತಂತಿ. ನನ್ನದರಲ್ಲಿ ಆ ತಂತಿ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು, ಬ್ಯಾಟರಿ ಹಾಕಿ ನೋಡದೇ ಇದ್ದರೆ ಕಣ್ಣಿಗೇ ಬೀಳುತ್ತಿರಲಿಲ್ಲ (ಟಾರ್ಚ್ ಬ್ಯಾಟರಿ ಮಾರಾಯ್ರೆ, ನಿಮ್ಮ ಹೊಸ ಬ್ಯಾಟರಿ ಅಲ್ಲ). ಮೀಟರ್ ಇದ್ದರೆ ಒಂದೆರಡು ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಅದು ಸತ್ತಿದೆ. ವೈರ್ ಹಾಕಿ ದಾಟಿಸಿ ಓಡಿಸುತ್ತೇನೆ ಅನ್ನಬೇಡಿ, ಕಾಯಿಲ್ ಕಾದು ಪಾಯಿಂಟ್ ಸುಟ್ಟುಹೋಗುತ್ತದೆ.

ನಿಮ್ಮದು ಇಂಜೆಕ್ಷನ್ ಗಾಡಿ (ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವಂಥದ್ದು) ಆದರೆ ಕಥೆ ಬೇರೆ. ಕೀ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಎರಡು ಸೆಕೆಂಡ್ ಜುಂಯ್ ಅನ್ನೋ ಸದ್ದು ಬಂದು ನಿಲ್ಲಬೇಕು, ಅದು ಪಂಪ್. ಆಮೇಲೆ ಎಂಜಿನ್ ತಿರುಗುತ್ತಿದೆ ಅನ್ನೋ ಸಿಗ್ನಲ್ ಇರುವವರೆಗೆ ರಿಲೇ (ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್) ಪಂಪನ್ನು ಓಡಿಸುತ್ತಾ ಇರುತ್ತದೆ. ರಿಲೇ ಕೈ ಕೊಟ್ಟರೆ ಪೈಪಿನಲ್ಲಿ ಉಳಿದ ಒತ್ತಡದಲ್ಲೇ ಸ್ಟಾರ್ಟ್ ಆಗಿ ಅದು ಮುಗಿದ ಕೂಡಲೇ ನಿಲ್ಲುತ್ತದೆ. ಒಬ್ಬರು ಸ್ಟಾರ್ಟ್ ಮಾಡಲಿ, ಇನ್ನೊಬ್ಬರು ಟ್ಯಾಂಕಿನ ಹತ್ತಿರ ಕಿವಿ ಕೊಡಿ. ಎಂಜಿನ್ ಮೊದಲು ನಿಲ್ಲುತ್ತದಾ, ಪಂಪ್ ಮೊದಲು ನಿಲ್ಲುತ್ತದಾ? ಪಂಪ್ ಮೊದಲು ಅಂದರೆ ಅದಕ್ಕೆ ಕರೆಂಟ್ ಬರ್ತಿದೆಯಾ ನೋಡಬೇಕು, ಪಂಪನ್ನೇ ಬದಲಾಯಿಸೋದಲ್ಲ. ಹಾರ್ನ್ ರಿಲೇ ಅದೇ ನಂಬರಿನದ್ದಾದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲ.

ಡ್ಯಾಶ್‌ಬೋರ್ಡಲ್ಲಿ ಕೀ ಗುರುತಿನ ದೀಪ ಮಿನುಗುತ್ತಿದ್ದರೆ ಇದೆಲ್ಲ ಬಿಡಿ, ಇಮೊಬಿಲೈಸರ್, ಅಂದರೆ ಸರಿಯಾದ ಕೀ ಅಂತ ಗುರುತಿಸದಿದ್ದರೆ ಎಂಜಿನ್ ನಿಲ್ಲಿಸುವ ಕಳ್ಳತನ ತಡೆ. ಎರಡನೇ ಕೀ ಹಾಕಿ ನೋಡಿ.

—

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಸೇರಿಸ್ತೀನಿ: ರೇಸ್ ಕೊಟ್ಟು ಹಿಡಿದರೆ ಓಡುತ್ತದಾ? ಓಡುತ್ತದೆ, ಕಾಲು ತೆಗೆದರೆ ಮಾತ್ರ ಬಂದ್ ಅನ್ನೋದಾದರೆ ಐಡ್ಲಿಂಗ್ (ರೇಸ್ ಕೊಡದೆ ಎಂಜಿನ್ ನಿಧಾನವಾಗಿ ಓಡೋದು) ಸಮಸ್ಯೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಕಪ್ಪು ಮಸಿ ಕಟ್ಟಿರುತ್ತದೆ, ಇಲ್ಲ ಐಡಲ್ ವಾಲ್ವ್ ಅಂಟಿಕೊಂಡಿರುತ್ತದೆ, ಇಲ್ಲ ಯಾವುದೋ ವ್ಯಾಕ್ಯೂಮ್ ಪೈಪ್ ಸೀಳಿರುತ್ತದೆ. ನನ್ನ ಗಾಡಿಯಲ್ಲಿ ಪೈಪ್ ಮೇಲಿಂದ ಹೊಸದರ ಹಾಗೇ ಇತ್ತು, ಬಗ್ಗಿಸಿದರೆ ಕೆಳಗಡೆ ಬಾಯಿ ಬಿಡುತ್ತಿತ್ತು. ಆ ಮೂಲೆಗೆ ಕೈ ಹಾಕಿ ತಡವಿ ನೋಡದೆ ಸಿಗೋದಿಲ್ಲ. ಕೆಲವರು ಅಲ್ಲಿ ಪೆಟ್ರೋಲ್ ಚಿಮುಕಿಸಿ ನೋಡ್ತಾರೆ, ದಯವಿಟ್ಟು ಬೇಡ, ಬಿಸಿ ಎಂಜಿನ್. ಸೋಪಿನ ನೀರು ಸಾಕು. ನೀರು ಬಿದ್ದ ಕಡೆ ಐಡ್ಲಿಂಗ್ ಬದಲಾದರೆ ಲೀಕ್ ಅಲ್ಲೇ.

—

ಹತ್ತು ಹದಿನೈದು ನಿಮಿಷ ಓಡಿ ನಿಲ್ಲೋದಾದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಬಿಸಿಯಾದ ಮೇಲೆ ನಿಂತು ಆರಿದ ಮೇಲೆ ಸ್ಟಾರ್ಟ್ ಆದರೆ ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗೋದನ್ನು ಗುರುತಿಸುವ ಭಾಗ). ನಿಮ್ಮದು ಮೂರೇ ಸೆಕೆಂಡ್, ಹಾಗಾಗಿ ಇವೆರಡೂ ಅಲ್ಲ ಅನಿಸುತ್ತದೆ.

ಡೀಸೆಲ್‌ನವರೂ ಇದನ್ನು ಓದ್ತಿದ್ದರೆ, ನಮ್ಮದರಲ್ಲಿ ಹೀಗಾದರೆ ಮೊದಲ ಅನುಮಾನ ಲೈನಲ್ಲಿ ಏರ್ ಹಿಡಿದಿದೆ ಅಂತ. ಫಿಲ್ಟರಿಂದ ಪಂಪಿಗೆ ಹೋಗೋ ಪೈಪಿನ ಜಾಗದಲ್ಲಿ ಸ್ವಲ್ಪ ಹೊತ್ತು ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಓಡೋದು ಕಾಣುತ್ತದೆ. ಗುಳ್ಳೆ ಕಂಡರೆ ಅಲ್ಲಿಂದ ಟ್ಯಾಂಕಿನವರೆಗೆ ಒಂದೊಂದೇ ಜಾಯಿಂಟ್ ನೋಡ್ತಾ ಹೋಗಿ. ಹೊರಗೆ ಡೀಸೆಲ್ ಸುರಿಯದ ಜಾಗದಿಂದಲೂ ಗಾಳಿ ಒಳಗೆ ಹೋಗುತ್ತದೆ, ಒಣಗಿದೆ ಅಂತ ಮೋಸ ಹೋಗಬೇಡಿ.

—

ಪ್ರಶ್ನೆ ಕೇಳಿದವನು ನಾನೇ. ಇಂಜೆಕ್ಷನ್ ಗಾಡಿ, ಹೇಳೋದು ಮರೆತಿದ್ದೆ. ಮಗಳನ್ನು ಸೀಟಲ್ಲಿ ಕೂರಿಸಿ ನಾನು ಟ್ಯಾಂಕಿನ ಹತ್ತಿರ ಮಲಗಿ ಕೇಳಿದೆ. ಪಂಪ್ ಮೊದಲು ನಿಂತಿತು, ಒಂದು ಸೆಕೆಂಡ್ ಆದ ಮೇಲೆ ಎಂಜಿನ್. ನಾಲ್ಕು ಸಲ ಮಾಡಿದರೂ ಅದೇ. ಹಾರ್ನ್ ರಿಲೇ ಅದೇ ನಂಬರಿನದ್ದಿತ್ತು, ಬದಲಾಯಿಸಿದೆ, ಅರ್ಧ ಗಂಟೆಯಿಂದ ಓಡ್ತಾ ಇದೆ. ಹಳೇ ರಿಲೇ ಬಿಚ್ಚಿ ನೋಡಿದರೆ ಒಂದು ಕಾಲಿನ ಸುತ್ತ ಬೆಸುಗೆ ಬಿಟ್ಟು ಉಂಗುರದ ಹಾಗೆ ಕಪ್ಪು ಗೆರೆ. ಹೊಸ ರಿಲೇ ನಾಳೆ ತರಬೇಕು. ಅಲ್ಲಿವರೆಗೆ ಹಾರ್ನ್ ಇಲ್ಲ, ಕಿಟಕಿಯಿಂದ ತಲೆ ಹಾಕಿ ಕೂಗೋದೇ.