ಕೈ ಬೀಸುವವರ ಕಚೇರಿ

"ಅಷ್ಟೊಂದು ಜನ ಹಾಡುತ್ತಾರೆ, ಅಷ್ಟೊಂದು ಜನ ನುಡಿಸುತ್ತಾರೆ. ಇವನೊಬ್ಬ ಸಭೆಗೆ ಬೆನ್ನು ತೋರಿಸಿಕೊಂಡು ಕೈ ಬೀಸುತ್ತಾನೆ. ಕೊನೆಗೆ ಹೂಗುಚ್ಛ ಮಾತ್ರ ಇವನಿಗೆ!"

ರಾಯರು ನನ್ನ ಮೊಬೈಲನ್ನು ಮೂಗಿನಿಂದ ಗೇಣುದೂರ ಹಿಡಿದು ತೀರ್ಪು ಕೊಟ್ಟರು. ತಪ್ಪು ನನ್ನದೇ. ಭಾನುವಾರದ ಕಾಫಿಗೆ ಬಂದವರಿಗೆ ಜಾನ್ ಎಲಿಯಟ್ ಗಾರ್ಡಿನರ್ ನಡೆಸಿಕೊಟ್ಟ ಜರ್ಮನಿಯ ಸಂಗೀತ ರಚನಕಾರ ಬಾಖ್‌ನ ವೃಂದಗಾನವನ್ನು ತೋರಿಸಲು ಹೋಗಬಾರದಿತ್ತು.

"ಅವರನ್ನು ಕಂಡಕ್ಟರ್ ಎನ್ನುತ್ತಾರೆ" ಎಂದೆ.

"ಸೀಟಿ ಎಲ್ಲಿ?" ಎಂದರು ಡಾಕ್ಟರು. ಈ ಹಾಸ್ಯ ಬಂದೇ ಬರುತ್ತದೆಂದು ಗೊತ್ತಿತ್ತು. ಅರ್ಧ ಲೋಟ ಕಾಫಿ ಮುಗಿಯುವವರೆಗೆ ತಡೆದುಕೊಂಡದ್ದೇ ಅವರ ದೊಡ್ಡತನ.

ರಾಯರು ರಾಮನವಮಿ ಕಚೇರಿಗಳ ಮೊದಲ ಸಾಲಿನಲ್ಲಿ ನಲವತ್ತು ವರ್ಷ ತೊಡೆ ತಟ್ಟಿದವರು. ಹಾಡುವವರು ತಪ್ಪಬಹುದು, ತಾವು ತಪ್ಪುವುದಿಲ್ಲ ಎಂಬುದು ಅವರದೇ ಅಭಿಪ್ರಾಯ. ಮಂಡಿನೋವು ಶುರುವಾದ ಮೇಲೆ ತೊಡೆಗೆ ಬಿಡುವು ಸಿಕ್ಕಿದೆ, ಊರುಗೋಲಿನಿಂದ ನೆಲ ಕುಟ್ಟುತ್ತಾರೆ. "ಹಾಗಾದರೆ ನಾನೂ ಕಂಡಕ್ಟರೇ" ಎಂದು ಒಮ್ಮೆ ಕುಟ್ಟಿ ತೋರಿಸಿದರು.

"ಗಾರ್ಡಿನರ್ ಕೇಂಬ್ರಿಜ್‌ನಲ್ಲಿ ಓದಿದ್ದು ಚರಿತ್ರೆ" ಎಂದೆ.

ನಿವೃತ್ತ ಚರಿತ್ರೆ ಮೇಷ್ಟ್ರು ನೆಟ್ಟಗೆ ಕುಳಿತರು. "ನಮ್ಮ ವಿಷಯ ಓದಿದವರು ಒಬ್ಬರಾದರೂ ಉದ್ಧಾರವಾದರಲ್ಲ! ಮುಂದೆ ಹೇಳಿ."

ಗಾರ್ಡಿನರ್ ಅವರ ಬಾಲ್ಯದ ಮನೆ ಇದ್ದದ್ದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ. ಆ ಮನೆಯ ಮೆಟ್ಟಿಲ ಬಳಿ ಬಾಖ್‌ನ ಚಿತ್ರವಿತ್ತು. ಕ್ಯಾಲೆಂಡರಿನದಲ್ಲ, 1748ರಲ್ಲಿ, ಬಾಖ್ ಬದುಕಿದ್ದಾಗಲೇ, ಹೌಸ್‌ಮನ್ ಬರೆದ ಚಿತ್ರ. ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಒಬ್ಬರು ಯುದ್ಧಕಾಲದಲ್ಲಿ ಜೋಪಾನಕ್ಕೆಂದು ಇಟ್ಟುಹೋಗಿದ್ದರು. ಹುಡುಗ ದಿನಾ ಮಲಗಲು ಹೋಗುವಾಗ ಆ ಬಿಗಿಮುಖವನ್ನು ದಾಟಿಕೊಂಡು ಹೋಗಬೇಕು.

"ನಮ್ಮ ಮನೆಯ ಮೆಟ್ಟಿಲ ಬಳಿ ಕರೆಂಟಿನ ಮೀಟರ್ ಇತ್ತು" ಎಂದರು ಡಾಕ್ಟರು. "ಅದಕ್ಕೇ ನನಗೆ ಸಂಗೀತ ಬರಲಿಲ್ಲ."

1964ರ ಮಾರ್ಚಿನಲ್ಲಿ, ಇಪ್ಪತ್ತು ವರ್ಷದ ವಿದ್ಯಾರ್ಥಿ ಗಾರ್ಡಿನರ್ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಇಟಲಿಯ ರಚನಕಾರ ಮಾಂಟೆವೆರ್ಡಿಯ 1610ರ 'ವೆಸ್ಪರ್ಸ್' ಎಂಬ ಸಂಜೆಪ್ರಾರ್ಥನೆಯ ವೃಂದಗಾನ ನಡೆಸಿಬಿಟ್ಟರು. ಇಂಗ್ಲೆಂಡಿನ ಚರ್ಚುಗಳ ಹಾಡಿಕೆ ಆಗ ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಎಲ್ಲೂ ಒಂದು ಸುಕ್ಕಿಲ್ಲ. ಇವರಿಗೆ ಬೇಕಾದದ್ದು ಇಟಲಿಯ ಬಿಸಿಲು, ಹುಳಿ, ಖಾರ. ಮಾಂಟೆವೆರ್ಡಿ ಗಾಯನವೃಂದ ಹುಟ್ಟಿದ್ದು ಅಲ್ಲಿ. ಆಮೇಲೆ ಹಳೆಯ ಸಂಗೀತಕ್ಕೆ ಹಳೆಯ ವಾದ್ಯಗಳೇ ಬೇಕೆಂದು 1978ರಲ್ಲಿ ಇಂಗ್ಲಿಷ್ ಬರೋಕ್ ಸೋಲೋಯಿಸ್ಟ್ಸ್ ಎಂಬ ವಾದ್ಯವೃಂದ ಕಟ್ಟಿದರು. ಪಿಟೀಲಿಗೆ ಲೋಹದ ತಂತಿ ಹೋಗಿ ಕುರಿಯ ಕರುಳಿನ ತಂತಿ ಬಂತು. ಶ್ರುತಿ 440 ಹರ್ಟ್ಸ್‌ನಿಂದ 415ಕ್ಕೆ ಇಳಿಯಿತು.

"ಅರ್ಧ ಮನೆ ಕೆಳಗೆ!" ರಾಯರ ಮುಖ ಅರಳಿತು. "ನನಗೂ ವಯಸ್ಸಾದ ಮೇಲೆ ಅಷ್ಟೇ ಇಳಿದಿದೆ."

"ಕರುಳಿನ ಶ್ರುತಿ ಥಂಡಿಗೆ ಏರುಪೇರಾಗುತ್ತದಲ್ಲ?" ಡಾಕ್ಟರು ಕೇಳಿದರು.

"ಆಗುತ್ತದೆ. ಮತ್ತೆ ಮತ್ತೆ ಶ್ರುತಿ ಮಾಡಿಕೊಳ್ಳುತ್ತಾರೆ."

"ನಮ್ಮವರಿಗೆ ಅದಕ್ಕೆ ಥಂಡಿಯೂ ಬೇಕಿಲ್ಲ" ಎಂದರು ಮೇಷ್ಟ್ರು.

2000ನೇ ಇಸವಿಯ ಕಥೆ ಕೇಳಿದಾಗ ಮಾತ್ರ ರಾಯರು ಸುಮ್ಮನಾದರು. ಬಾಖ್ ತೀರಿಕೊಂಡು 250 ವರ್ಷವಾಯಿತೆಂದು, ಆತನ ಚರ್ಚಿನ ಕಾಂಟಾಟಾಗಳಲ್ಲಿ, ಎಂದರೆ ಹಾಡಿಕೆ ವಾದ್ಯ ಎರಡೂ ಇರುವ ರಚನೆಗಳಲ್ಲಿ, ಉಳಿದುಬಂದ ಸುಮಾರು 200ನ್ನು ಒಂದೇ ವರ್ಷದಲ್ಲಿ, ಯಾವ ಹಬ್ಬಕ್ಕೆ, ಯಾವ ಭಾನುವಾರಕ್ಕೆ ಬರೆದದ್ದೋ ಆ ದಿನಕ್ಕೇ, ಊರೂರು ತಿರುಗಿ ಹಾಡಿದರು. 1999ರ ಕ್ರಿಸ್‌ಮಸ್ಸಿಗೆ ವೈಮಾರ್‌ನಲ್ಲಿ ಶುರು, ಮುಂದಿನ ವರ್ಷದ ಕೊನೆಗೆ ನ್ಯೂಯಾರ್ಕ್‌ನಲ್ಲಿ ಮಂಗಳ. ಧ್ವನಿಮುದ್ರಣದ ಕಂಪನಿ ಕೈಕೊಟ್ಟಿತು. ಕೊನೆಗೆ 2005ರಲ್ಲಿ ತಮ್ಮದೇ ಸಂಸ್ಥೆ ಹುಟ್ಟುಹಾಕಿ ಡಿಸ್ಕುಗಳನ್ನು ಹೊರತಂದರು.

"ವರ್ಷವಿಡೀ! ನಮ್ಮ ಭಜನಾ ಮಂಡಳಿ ಸಪ್ತಾಹದ ಮೂರನೆಯ ದಿನಕ್ಕೇ ಎರಡು ಮಂಡಳಿಯಾಯಿತು" ಎಂದರು ರಾಯರು. ಎರಡನೆಯದರ ಅಧ್ಯಕ್ಷರು ಅವರೇ.

"ಇಷ್ಟು ಜನರನ್ನು ಆಳುವವರಿಗೆ ಕೋಪ ಬರುವುದಿಲ್ಲವೇ?" ಮೇಷ್ಟ್ರ ಪ್ರಶ್ನೆ.

ಹೇಳದೆ ವಿಧಿಯಿಲ್ಲ. 2023ರ ಆಗಸ್ಟಿನಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಫ್ರಾನ್ಸಿನ ಒಂದು ಸಂಗೀತೋತ್ಸವದಲ್ಲಿ ಗಾಯಕರೊಬ್ಬರು ವೇದಿಕೆಯಿಂದ ತಪ್ಪು ಬದಿಗೆ ಇಳಿದರೆಂದು ಗಾರ್ಡಿನರ್ ತೆರೆಯ ಹಿಂದೆ ಅವರ ಮೇಲೆ ಕೈ ಮಾಡಿದರು. ಕ್ಷಮೆ ಕೇಳಿದರು, ಕಾರ್ಯಕ್ರಮಗಳಿಂದ ಹಿಂದೆ ಸರಿದರು. ಮರುವರ್ಷ, ಅರವತ್ತು ವರ್ಷದ ಹಿಂದೆ ತಾವೇ ಕಟ್ಟಿದ ವೃಂದದಿಂದ ಹೊರಬಿದ್ದರು. ಅದೇ ವರ್ಷ ಹೊಸದೊಂದು ಕಟ್ಟಿದರು.

"ನೋಡಿದಿರಾ, ಕೈ ಬೀಸುವ ಕೆಲಸದ ಅಪಾಯ" ಎಂದರು ಡಾಕ್ಟರು.

"ಕೋಲಿನ ಅಪಾಯ ಇನ್ನೂ ಹೆಚ್ಚು" ಎಂದರು ಮೇಷ್ಟ್ರು. "1687, ಪ್ಯಾರಿಸ್. ಫ್ರಾನ್ಸಿನ ರಾಜ ಹದಿನಾಲ್ಕನೆಯ ಲೂಯಿಗೆ ಶಸ್ತ್ರಚಿಕಿತ್ಸೆಯಾಗಿ ಗುಣವಾಯಿತೆಂದು ಆಸ್ಥಾನದ ಸಂಗೀತಗಾರ ಲುಲ್ಲಿ ಸ್ತೋತ್ರಗಾನ ನಡೆಸುತ್ತಿದ್ದ. ಆಗ ಉದ್ದನೆಯ ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದರು. ಉತ್ಸಾಹದಲ್ಲಿ ತನ್ನ ಪಾದಕ್ಕೇ ಕುಟ್ಟಿಕೊಂಡ."

"ರಾಜನಿಗೆ ಏನಾಗಿತ್ತು?" ಡಾಕ್ಟರಿಗೆ ವೃತ್ತಿಯ ಕುತೂಹಲ.

"ಭಗಂದರ."

"ಲುಲ್ಲಿಗೆ?"

"ಗಾಯ ಕೊಳೆಯಿತು. ಕುಣಿಯುವ ಕಾಲು, ಕತ್ತರಿಸಬೇಡಿ ಎಂದನಂತೆ. ಮಾರ್ಚಿನಲ್ಲಿ ಹೋದ. ಕೊಯ್ಯಿಸಿಕೊಂಡವನು ಬದುಕಿದ, ಮಂಗಳ ಹಾಡಿಸಿದವನು ಸತ್ತ."

ರಾಯರ ಕೋಲು ಅಷ್ಟು ಹೊತ್ತೂ ಮೊಬೈಲಿನ ಬಾಖ್‌ಗೆ ಆದಿತಾಳ ಹಾಕುತ್ತಲೇ ಇತ್ತು, ಹೆಬ್ಬೆರಳಿಗೆ ಎರಡಂಗುಲ ದೂರದಲ್ಲಿ. ತಾಳ ನಿಂತಿತು. ರಾಯರು ಚಪ್ಪಲಿಯೊಳಗಿನ ಬೆರಳನ್ನು ಒಮ್ಮೆ ಅಲ್ಲಾಡಿಸಿ ನೋಡಿಕೊಂಡರು.

"ರಾಯರೇ, ಕಳೆದ ವಾರದ ಸಕ್ಕರೆ ಎಷ್ಟಿತ್ತು?" ಎನ್ನುತ್ತಾ ಡಾಕ್ಟರು ಕೋಲನ್ನು ತೆಗೆದು ಬಾಗಿಲ ಸಂದಿಗೆ ಒರಗಿಸಿದರು.