ಪದಗಳೆಲ್ಲ ಗೊತ್ತು, ಜಾಗ ಗೊತ್ತಿಲ್ಲ: ಇಂಗ್ಲಿಷ್ ವಾಕ್ಯವನ್ನು ತುಂಡು ಮಾಡಿ ಕಲಿಯುವುದು ಹೇಗೆ?

ತಡವರಿಸುವವ

ಇಂಗ್ಲಿಷ್ ಓದಿದರೆ ನನಗೆ ಅರ್ಥವಾಗುತ್ತದೆ. ಇಮೇಲ್ ಬಂದರೆ ಓದಿ ಕೆಲಸ ಮುಗಿಸುತ್ತೇನೆ. ಬಾಯಿ ತೆರೆದಾಗಲೇ ತೊಂದರೆ. ಮೊನ್ನೆ ಮೀಟಿಂಗಿನಲ್ಲಿ ‘ಹೋದ ವಾರ ನೀವು ಕಳಿಸಿದ ಫೈಲು ತೆರೆಯುತ್ತಿಲ್ಲ’ ಅಂತ ಹೇಳಬೇಕಿತ್ತು. ‘ಲಾಸ್ಟ್ ವೀಕ್’ ಅಂದೆ, ‘ಯು ಸೆಂಟ್’ ಅಂದೆ, ಆಮೇಲೆ ‘ಫೈಲ್’ ಎಲ್ಲಿ ಸೇರಿಸುವುದು ಅಂತ ತಿಳಿಯದೆ ಅಲ್ಲೇ ನಿಂತೆ. ಎಲ್ಲರೂ ಕಾಯುತ್ತಾ ಕೂತರು.

ಬಿಡಿ ಪದ ಕಲಿಯಬೇಡ, ಪದಗಳ ಗುಂಪು ಕಲಿ ಅಂತ ಒಬ್ಬರು ಹೇಳಿದರು. ಅದಕ್ಕೆ ಚಂಕ್ ಅಂತಾರಂತೆ. ಒಂದು ಪಟ್ಟಿ ಸಿಕ್ಕಿತು, ಉರು ಹೊಡೆದೆ. ‘ಆನ್ ದ ಅದರ್ ಹ್ಯಾಂಡ್’, ‘ಆಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಎಲ್ಲ ಬಾಯಿಪಾಠ ಇದೆ. ಆದರೆ ಫೈಲಿನ ವಾಕ್ಯಕ್ಕೆ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ! ಚಂಕ್ ಅಂದರೆ ನಿಜವಾಗಿ ಏನು? ಎಲ್ಲಿ ತುಂಡು ಮಾಡಬೇಕು? ವ್ಯಾಕರಣ ಬಿಟ್ಟುಬಿಡಬಹುದಾ?

ವ್ಯಾಕರಣಪ್ರಿಯ

ಬಿಡಬೇಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ಕರ್ತೃ, ಕ್ರಿಯೆ, ಕರ್ಮ ಈ ಮೂರು ಗಟ್ಟಿಯಾದರೆ ಮಿಕ್ಕಿದ್ದು ತಾನಾಗಿ ಬರುತ್ತದೆ. ಚಂಕು ಗಿಂಕು ಎಲ್ಲ ಅಡ್ಡದಾರಿ.

ಸಂಜೆ ಕ್ಲಾಸಿನ ಮೇಡಂ

ವ್ಯಾಕರಣಪ್ರಿಯರು ಹೇಳಿದ್ದು ಸುಳ್ಳಲ್ಲ. ಆದರೆ ಮಿಕ್ಕಿದ್ದು ತಾನಾಗಿ ಬರುವುದಿಲ್ಲ. ಕೆಲಸ ಮುಗಿಸಿ ಬರುವ ದೊಡ್ಡವರಿಗೆ ನಾನು ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಕರ್ತೃ, ಕ್ರಿಯೆ, ಕರ್ಮ ಅಂತ ನಿದ್ದೆಗಣ್ಣಿನಲ್ಲೂ ಹೇಳುವ ಜನ ‘ಹೋದ ವಾರ ನೀವು ಕಳಿಸಿದ’ ಅನ್ನುವಲ್ಲಿಗೆ ಬಂದಾಗ ನಿಮ್ಮ ಹಾಗೇ ನಿಲ್ಲುತ್ತಾರೆ. ಯಾಕೆಂದರೆ ಅದು ಆ ಮೂರರಲ್ಲಿ ಯಾವುದೂ ಅಲ್ಲ.

ನಿಮ್ಮ ವಾಕ್ಯವನ್ನೇ ತಗೊಳ್ಳಿ.

ಹೋದ ವಾರ / ನೀವು ಕಳಿಸಿದ / ಫೈಲು / ತೆರೆಯುತ್ತಿಲ್ಲ

ದ ಫೈಲ್ / ಯು ಸೆಂಟ್ / ಲಾಸ್ಟ್ ವೀಕ್ / ಈಸ್ ನಾಟ್ ಓಪನಿಂಗ್

ಮೊದಲ ಮೂರು ತುಂಡು ನೋಡಿ. ಪೂರ್ತಿ ತಿರುಗುಮುರುಗು. ಯಾವ ಫೈಲು ಅಂತ ಹೇಳುವ ಮಾತು ಕನ್ನಡದಲ್ಲಿ ಫೈಲಿಗಿಂತ ಮುಂಚೆ ಬರುತ್ತದೆ, ಇಂಗ್ಲಿಷಿನಲ್ಲಿ ಫೈಲ್ ಆದಮೇಲೆ. ಇನ್ನೂ ಉದ್ದದ್ದು ಬೇಕಾ? ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಬರೆಯುವ ವಾಕ್ಯ ಇದು:

ನಿನ್ನೆ / ಬಸ್ಸಿನಲ್ಲಿ / ನನ್ನ ಪಕ್ಕ / ಕೂತಿದ್ದ / ಹುಡುಗನನ್ನು / ನೋಡಿದೆ

ಐ ಸಾ / ದ ಬಾಯ್ / ಹೂ ಸ್ಯಾಟ್ / ನೆಕ್ಸ್ಟ್ ಟು ಮಿ / ಆನ್ ದ ಬಸ್ / ಯೆಸ್ಟರ್ಡೇ

ಕೆಳಗಿನ ಸಾಲನ್ನು ಬಲದಿಂದ ಎಡಕ್ಕೆ ಓದಿ. ಮೇಲಿನ ಕನ್ನಡವೇ ಬರುತ್ತದೆ, ಒಂದು ತುಂಡೂ ಆಚೀಚೆ ಆಗುವುದಿಲ್ಲ. ತುಂಡಿನ ಒಳಗೂ ಹಾಗೇ. ‘ಬಸ್ಸಿನಲ್ಲಿ’ ಅನ್ನುವಾಗ ‘ಅಲ್ಲಿ’ ಬಾಲದಲ್ಲಿದೆ, ‘ಆನ್ ದ ಬಸ್’ನಲ್ಲಿ ‘ಆನ್’ ತಲೆಯಲ್ಲಿದೆ. (ನಿನ್ನೆ ಕೂತಿದ್ದನೋ, ನಿನ್ನೆ ನೋಡಿದ್ದೋ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಗೊಂದಲ ಎರಡೂ ಭಾಷೆಯಲ್ಲಿ ಇದೆ, ಬಿಡಿ.)

ಹಾಗಂತ ಎಲ್ಲವೂ ತಿರುಗುವುದಿಲ್ಲ. ‘ಕೆಂಪು ಬಾಗಿಲು’ ‘ರೆಡ್ ಡೋರ್’ ಆಗುತ್ತದೆ, ‘ನನ್ನ ಗೆಳತಿಯ ತಮ್ಮ’ ‘ಮೈ ಫ್ರೆಂಡ್ಸ್ ಬ್ರದರ್’ ಆಗುತ್ತದೆ, ಸಾಲು ಅದೇ. ಒಂದೇ ಪದದ ಬಣ್ಣನೆ, ಯಾರದ್ದು ಅನ್ನುವ ಮಾತು, ಇವು ಸಾಮಾನ್ಯವಾಗಿ ನಮ್ಮ ಹಾಗೇ ಮುಂದೆ ಕೂರುತ್ತವೆ. ಅದಕ್ಕಿಂತ ಉದ್ದವಾಯಿತೋ, ಹಿಂದಕ್ಕೆ ಹೋಯಿತು ಅಂತ ತಿಳಿಯಿರಿ.

ಈಗ ಚಂಕ್ ಅಂದರೆ ಏನು ಅನ್ನುವ ಪ್ರಶ್ನೆ. ಒಡೆಯದೆ ಒಂದೇ ಉಸಿರಿನಲ್ಲಿ ಹೇಳುವ ಗುಂಪು, ಅಷ್ಟೇ. ‘ಆನ್ ದ ಅದರ್ ಹ್ಯಾಂಡ್’ ಕೂಡ ಚಂಕೇ, ಇಲ್ಲ ಅನ್ನಲ್ಲ. ಆದರೆ ಅದು ಭಾಷಣಕ್ಕೆ ಬೇಕಾದದ್ದು. ನಿಮಗೆ ಮೊದಲು ಬೇಕಾಗಿರುವುದು ‘ಯು ಸೆಂಟ್’, ‘ಆನ್ ದ ಬಸ್’, ‘ಬಿಕಾಸ್ ಐ ವಾಸ್’ ಥರದ ಸಪ್ಪೆ ತುಂಡುಗಳು. ಪಟ್ಟಿ ಮಾಡುವವರು ಇವನ್ನು ಸೇರಿಸುವುದೇ ಇಲ್ಲ, ನೋಡೋಕೆ ಚೆನ್ನಾಗಿರಲ್ಲ ಅಲ್ವಾ!

ಎಲ್ಲಿ ಕತ್ತರಿಸಬೇಕು ಅಂದರೆ, ‘ಇನ್’, ‘ಆನ್’, ‘ವಿತ್’, ‘ಫ್ರಂ’ ಇಂಥವು ಬಂದರೆ ಅದರ ಮುಂಚೆ. ‘ಹೂ’, ‘ದಟ್’, ‘ಇಫ್’, ‘ಬಿಕಾಸ್’ ಬಂದರೆ ಅದರ ಮುಂಚೆ. ಕರ್ತೃವೇ ಉದ್ದವಾಗಿದ್ದರೆ ಅದು ಮುಗಿದ ಮೇಲೆ. ‘ದ’ ಆದಮೇಲೆ ಮಾತ್ರ ಕತ್ತರಿಸಬೇಡಿ, ‘ಟು’ ಮತ್ತು ಅದರ ಕ್ರಿಯಾಪದದ ನಡುವೆಯೂ ಬೇಡ. ತಡವರಿಸುವವರು ನಿಲ್ಲುವುದು ಹೆಚ್ಚಾಗಿ ಅಲ್ಲೇ. ‘ಐ ವಾಂಟ್ ಟು…’ ಅಂತ ಎಳೆದು, ‘ದ… ದ…’ ಅಂತ ತಡಕಾಡುತ್ತಾರೆ. ಯೋಚನೆ ಮಾಡಬೇಕಿದ್ದರೆ ತುಂಡು ಮುಗಿದ ಮೇಲೆ ನಿಂತು ಮಾಡಿ. ಕೇಳುವವರಿಗೆ ಅದು ತಡವರಿಕೆ ಅಂತ ಅನ್ನಿಸುವುದೇ ಇಲ್ಲ.

ನಾನು ಜಾಸ್ತಿ ಹೊತ್ತು ಕೊಡುವುದು ಕ್ರಿಯಾಪದದ ತುಂಡಿಗೆ. ಕನ್ನಡದಲ್ಲಿ ‘ಹೇಳಬೇಕಾಗಿತ್ತು’ ಒಂದೇ ಪದ. ಬೇಕು, ಆಗಿತ್ತು ಎಲ್ಲವೂ ಹೇಳುವುದಕ್ಕೆ ಅಂಟಿಕೊಂಡಿವೆ. ಅದನ್ನು ಹೇಳುವಾಗ ಯಾರೂ ಬಿಡಿಸಿ ನೋಡುವುದಿಲ್ಲ. ಇಂಗ್ಲಿಷಿನಲ್ಲಿ ಅದೇ ಮಾತು ‘ಶುಡ್ ಹ್ಯಾವ್ ಟೋಲ್ಡ್’ ಅಂತ ಮೂರು ಪದವಾಗಿ ಬರೆದಿರುತ್ತಾರೆ. ಬರವಣಿಗೆಯಲ್ಲಿ ಜಾಗ ಬಿಟ್ಟಿರುವುದನ್ನು ಕಂಡು ನಾವು ಮೂರು ಸಲ ಯೋಚಿಸುತ್ತೇವೆ. ಆ ಭಾಷೆಯವರು ಮಾತಾಡುವುದನ್ನು ಕೇಳಿ, ‘ಶುಡವ್‌ಟೋಲ್ಡ್’ ಅಂತ ಅಂಟಿಸಿಯೇ ಹೇಳುತ್ತಾರೆ. ನೀವೂ ಹಾಗೇ ಅಂಟಿಸಿ. ‘ಬರಬಹುದಾಗಿತ್ತು’ ಅಂದರೆ ‘ಕುಡವ್‌ಕಮ್’. ‘ನೋಡಿರಬೇಕು’ ಅಂದರೆ ‘ಮಸ್ಟವ್‌ಸೀನ್’. ಕಾಲಗಳ ಚಾರ್ಟು ಗೋಡೆಗೆ ಅಂಟಿಸುವುದಕ್ಕಿಂತ ಇಂಥ ಒಂದು ಡಜನ್ ಬಾಯಲ್ಲಿ ಕೂತರೆ ಎಷ್ಟೋ ವಾಸಿ.

ಅಭ್ಯಾಸ ಮಾಡುವ ಬಗೆ: ಒಂದು ವಾಕ್ಯ ಬರೆದು ಗೆರೆ ಎಳೆಯಿರಿ. ಕೊನೆಯ ತುಂಡಿನಿಂದ ಶುರು ಮಾಡಿ. ‘ಯೆಸ್ಟರ್ಡೇ’. ಆಮೇಲೆ ‘ಆನ್ ದ ಬಸ್ ಯೆಸ್ಟರ್ಡೇ’. ಆಮೇಲೆ ‘ನೆಕ್ಸ್ಟ್ ಟು ಮಿ ಆನ್ ದ ಬಸ್ ಯೆಸ್ಟರ್ಡೇ’. ಹೀಗೆ ಹಿಂದಿನಿಂದ ಕಟ್ಟುತ್ತಾ ‘ಐ ಸಾ’ ತನಕ ಬನ್ನಿ. ಭಾಷೆ ಕಲಿಸುವವರು ಇದನ್ನು ಬಹಳ ಹಿಂದಿನಿಂದ ಮಾಡಿಸುತ್ತಾರೆ. ನಮಗೆ ಇನ್ನೊಂದು ಅನುಕೂಲ ಇದೆ. ಕೊನೆಯಿಂದ ಶುರು ಮಾಡಿದರೆ ತುಂಡುಗಳು ಒಂದೊಂದಾಗಿ ಸೇರುವುದು ಕನ್ನಡದ ಸಾಲಿನಲ್ಲೇ. ತಲೆ ಹೇಗೆ ಯೋಚಿಸುತ್ತದೋ ಹಾಗೆ ಸೇರುತ್ತವೆ, ಬಾಯಿ ಮಾತ್ರ ಇಂಗ್ಲಿಷಿನ ಸಾಲಿನಲ್ಲಿ ಹೇಳುತ್ತದೆ.

ಇಡೀ ವಾಕ್ಯ ಬಂದಮೇಲೆ ಒಂದೇ ತುಂಡು ಬದಲಾಯಿಸಿ. ‘ಆನ್ ದ ಬಸ್’ ತೆಗೆದು ‘ಇನ್ ದ ಮೀಟಿಂಗ್’ ಹಾಕಿ. ‘ಹೂ ಸ್ಯಾಟ್’ ತೆಗೆದು ‘ಹೂ ಸ್ಟುಡ್’ ಹಾಕಿ. ಉರು ಹೊಡೆದದ್ದು ಬಾಯಿಗೆ ಬಾರದಿರಲು ಕಾರಣ ಇದೇ. ಬದಲಾಯಿಸಿ ನೋಡದ ತುಂಡು ಪಟ್ಟಿಯಲ್ಲೇ ಉಳಿಯುತ್ತದೆ.

ಚದುರಂಗದ ಹುಚ್ಚ

ಮೇಡಂ ಹೇಳಿದ ಕೊನೇ ಮಾತಿಗೆ ಒಂದು ಸೇರಿಸುತ್ತೇನೆ. ಚಂಕ್ ಅನ್ನುವುದು ಇಂಗ್ಲಿಷ್ ಟ್ಯೂಷನ್ನಿನವರು ಹುಟ್ಟಿಸಿದ್ದಲ್ಲ, ನೆನಪಿನ ಬಗ್ಗೆ ಕೆಲಸ ಮಾಡಿದವರದ್ದು. 1956ರಲ್ಲಿ ಜಾರ್ಜ್ ಮಿಲ್ಲರ್ ಬರೆದ ಲೇಖನದಲ್ಲಿ ಟೆಲಿಗ್ರಾಫ್ ಕಲಿಯುವವನ ಉದಾಹರಣೆ ಇದೆ. ಮೊದಮೊದಲು ಒಂದೊಂದು ಚುಕ್ಕೆ, ಒಂದೊಂದು ಗೆರೆಯ ಸದ್ದೂ ಅವನಿಗೆ ಬೇರೆ ಬೇರೆ ತುಂಡು. ಆಮೇಲೆ ಅವು ಸೇರಿ ಅಕ್ಷರ, ಅಕ್ಷರ ಸೇರಿ ಪದ, ಪದ ಸೇರಿ ಇಡೀ ನುಡಿಗಟ್ಟೇ ಒಂದು ತುಂಡಾಗಿ ಕೇಳಿಸುತ್ತದೆ. ಒಮ್ಮೆಗೆ ತಲೆಯಲ್ಲಿ ಸುಮಾರು ಏಳು ತುಂಡು ಹಿಡಿಸುತ್ತವೆ ಅಂತ ಆ ಲೇಖನದಿಂದ ಜನ ಹೇಳತೊಡಗಿದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ಸುಮಾರು ನಾಲ್ಕಕ್ಕೆ ಇಳಿಸಿದರು.

ಮೇಡಂ ಬರೆದ ಬಸ್ಸಿನ ವಾಕ್ಯ ಎಣಿಸಿ ನೋಡಿ. ಇಂಗ್ಲಿಷಿನಲ್ಲಿ ಹದಿಮೂರು ಪದ, ತುಂಡು ಮಾಡಿದರೆ ಆರು. ಪದ ಪದವಾಗಿ ಕಟ್ಟುವವರು ಮಧ್ಯದಲ್ಲಿ ಕಳೆದುಹೋಗುವುದರಲ್ಲಿ ಆಶ್ಚರ್ಯ ಏನಿದೆ?

ನನಗೆ ಇಷ್ಟವಾದದ್ದು 1973ರ ಚೆಸ್ ಪ್ರಯೋಗ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಮಾಡಿದ್ದು. ನಿಜವಾದ ಆಟದ ಮಧ್ಯದ ಬೋರ್ಡನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ, ಮಾಸ್ಟರ್ ಆಟಗಾರ ಹೊಸಬನಿಗಿಂತ ಎಷ್ಟೋ ಹೆಚ್ಚು ಕಾಯಿಗಳನ್ನು ಸರಿಯಾದ ಮನೆಯಲ್ಲಿ ಇಡುತ್ತಾನೆ. ಅದೇ ಕಾಯಿಗಳನ್ನು ಸುಮ್ನೆ ಮನಸ್ಸಿಗೆ ಬಂದಂತೆ ಹರಡಿ ತೋರಿಸಿದರೆ ಮಾಸ್ಟರೂ ಹೊಸಬನೂ ಹೆಚ್ಚುಕಡಿಮೆ ಒಂದೇ. ಅವನ ನೆನಪು ದೊಡ್ಡದಲ್ಲ, ಆಡಿ ಆಡಿ ಕಂಡ ಜೋಡಣೆಗಳು ಅವನಲ್ಲಿ ತುಂಬಿವೆ. ಹಾಗಾಗಿ ಪಟ್ಟಿಯಿಂದ ಉರು ಹೊಡೆಯುವುದಕ್ಕಿಂತ ನಿಮ್ಮ ಇಮೇಲ್‌ಗಳಿಂದಲೇ ತುಂಡುಗಳನ್ನು ಎತ್ತಿಕೊಳ್ಳಿ. ಅವು ನೀವು ಕಂಡ ಆಟ.

ಕರಡು ತಿದ್ದುವವಳು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ತಕರಾರು ಮಾಡುತ್ತೇನೆ. ನನ್ನ ಮೇಜಿಗೆ ಬರುವ ಬರಹಗಳಲ್ಲಿ ಹೆಚ್ಚು ತಿದ್ದುವುದೇ ತಪ್ಪು ಜಾಗದಲ್ಲಿ ಅಂಟಿಸಿದ ತುಂಡುಗಳನ್ನು. ‘ವೇರ್ ಈಸ್ ಹಿ’ ಅಂತ ಗಟ್ಟಿ ಮಾಡಿಕೊಂಡವರು ‘ಐ ಡೋಂಟ್ ನೋ ವೇರ್ ಈಸ್ ಹಿ’ ಅಂತಲೇ ಬರೆಯುತ್ತಾರೆ. ಸರಿಯಾದದ್ದು ‘ವೇರ್ ಹಿ ಈಸ್’. ಕನ್ನಡದಲ್ಲಿ ‘ಅವನು ಎಲ್ಲಿದ್ದಾನೆ?’ ಅಂದರೂ ‘ಅವನು ಎಲ್ಲಿದ್ದಾನೆ ಅಂತ ಗೊತ್ತಿಲ್ಲ’ ಅಂದರೂ ಒಳಗಿನ ಸಾಲು ಬದಲಾಗುವುದಿಲ್ಲ. ಅದಕ್ಕೇ ನಮಗೆ ಇದು ಹೊಳೆಯುವುದಿಲ್ಲ. ಇಂಗ್ಲಿಷಿನಲ್ಲಿ ನೇರ ಪ್ರಶ್ನೆಯ ತುಂಡು ಬೇರೆ, ವಾಕ್ಯದ ಒಳಗೆ ಕೂರುವ ತುಂಡು ಬೇರೆ. ಎರಡನ್ನೂ ಜೋಡಿಯಾಗಿ ಕಲಿಯಬೇಕು. ಯಾಕೆ ಬೇರೆ ಅಂತ ತಿಳಿಯಲು ಒಂಚೂರು ವ್ಯಾಕರಣ ಬೇಕೇ ಬೇಕು. ಅಷ್ಟರ ಮಟ್ಟಿಗೆ ನಾನು ವ್ಯಾಕರಣಪ್ರಿಯರ ಕಡೆ.

ಇನ್ನೊಂದು, ‘ಡಿಸ್ಕಸ್ ಅಬೌಟ್’. ‘ಟಾಕ್ ಅಬೌಟ್’ ಇದೆ, ಅದನ್ನು ನೋಡಿ ಇದನ್ನೂ ಕಟ್ಟುತ್ತಾರೆ. ‘ಡಿಸ್ಕಸ್ ದ ಪ್ಲಾನ್’ ಸಾಕು. ತುಂಡನ್ನು ಬರೆದುಕೊಳ್ಳುವಾಗ ಮುಂದಿನ ಒಂದೆರಡು ಪದವನ್ನೂ ಸೇರಿಸಿ ಬರೆದುಕೊಳ್ಳಿ.

ಸಂಜೆ ಕ್ಲಾಸಿನ ಮೇಡಂ

ಒಪ್ಪಿದೆ. ಜೋಡಿಯಾಗಿ ಕಲಿಸುವುದು ನಾನೂ ಮಾಡುತ್ತೇನೆ. ‘ಅಂತ’ದ ಜಾಗವನ್ನೂ ಅಲ್ಲೇ ಹೇಳಿಬಿಡುತ್ತೇನೆ. ‘ಅವರು ಬರುತ್ತಾರೆ ಅಂತ ಅವಳು ಹೇಳಿದಳು’, ನಮ್ಮ ‘ಅಂತ’ ಮಾತು ಮುಗಿದ ಮೇಲೆ ಬರುತ್ತದೆ. ‘ಶಿ ಸೆಡ್ / ದಟ್ ದೆ ವುಡ್ ಕಮ್’ ಅನ್ನುವಲ್ಲಿ ‘ದಟ್’ ಮಾತಿನ ಮುಂಚೆಯೇ ಬರುತ್ತದೆ. ಆಡುಮಾತಿನಲ್ಲಿ ಅದೂ ಉದುರಿ ಹೋಗುವುದುಂಟು.

ತಡವರಿಸುವವ

ಎಲ್ಲರಿಗೂ ಧನ್ಯವಾದ. ಇಮೇಲ್‌ಗಳಲ್ಲಿ ಗೆರೆ ಎಳೆಯಲು ಶುರು ಮಾಡಿದೆ. ‘ದ ಫೈಲ್ ಯು ಸೆಂಟ್’, ‘ದ ಡೇಟ್ ವಿ ಅಗ್ರೀಡ್ ಆನ್’, ‘ದ ಪರ್ಸನ್ ಐ ಸ್ಪೋಕ್ ಟು’, ಹುಡುಕಿದರೆ ಇಂಥವು ಎಲ್ಲ ಕಡೆ ಇವೆ. ಎರಡನೆಯದರಲ್ಲಿ ‘ಆನ್’ ಕೊನೆಯಲ್ಲಿ ಒಂಟಿಯಾಗಿ ನೇತಾಡುತ್ತಿದೆ, ಅದು ಸರಿಯಾ? ಆಮೇಲೆ, ‘ಅವರು ಇವತ್ತು ಬರಲ್ಲ ಅನಿಸುತ್ತದೆ’ ಅನ್ನುವುದಕ್ಕೆ ‘ಐ ಥಿಂಕ್ / ದೆ ವೋಂಟ್ ಕಮ್ / ಟುಡೇ’ ಅಂತ ತುಂಡು ಮಾಡಿದೆ. ಸರಿ ಇದೆಯಾ?

ಸಂಜೆ ಕ್ಲಾಸಿನ ಮೇಡಂ

‘ಆನ್’ ಅಲ್ಲೇ ಇರಲಿ. ‘ಅಗ್ರೀ ಆನ್ ಎ ಡೇಟ್’ ಅನ್ನುವುದರಿಂದ ‘ಡೇಟ್’ ಮುಂದಕ್ಕೆ ಹೋಯಿತು, ‘ಆನ್’ ಉಳಿಯಿತು. ಕಿತ್ತರೆ ತಪ್ಪಾಗುತ್ತದೆ. ‘ಐ ಸ್ಪೋಕ್ ಟು’ವಿನ ‘ಟು’ ಕೂಡ ಹಾಗೇ.

ಎರಡನೆಯದು ತಪ್ಪಲ್ಲ, ಆದರೆ ಅವರು ಹಾಗೆ ಹೇಳುವುದು ಕಡಿಮೆ. ‘ಇಲ್ಲ’ವನ್ನು ಮೊದಲ ತುಂಡಿಗೇ ಎಳೆದುಬಿಡುತ್ತಾರೆ: ‘ಐ ಡೋಂಟ್ ಥಿಂಕ್ / ದೆ ವಿಲ್ ಕಮ್ / ಟುಡೇ’. ಕನ್ನಡದ ಲೆಕ್ಕದಲ್ಲಿ ‘ನಾನು ಯೋಚಿಸುವುದಿಲ್ಲ’ ಅಂದ ಹಾಗೆ ಕೇಳಿಸುತ್ತದೆ, ಅದಕ್ಕೇ ನಮ್ಮವರ ಬಾಯಿಗೆ ಬರುವುದಿಲ್ಲ. ಬಿಡಿಸಿ ಅರ್ಥ ಹುಡುಕಬೇಡಿ. ‘ಐಡೋಂಟ್‌ಥಿಂಕ್’ ಅಂತ ಒಂದೇ ಪದ ಇದೆ ಅಂದುಕೊಳ್ಳಿ. ಅದರ ಮುಂದೆ ನಾಳೆ ನಿಮ್ಮ ಮೀಟಿಂಗಿನಲ್ಲಿ ಬೇಕಾಗುವ ನಾಲ್ಕೈದು ಬಾಲ ಅಂಟಿಸಿ ಇಲ್ಲಿ ಹಾಕಿ, ನೋಡೋಣ.